ಕಿವಿ ಕೇಳದ ಮಗ ಕತ್ತಲಾದರೆ ನಡೆಯಲಾರ, ಕಾಲಿನ ದೋಷವೇ?

ಪ್ರಶ್ನೆ (ಮದ್ದೂರು ತಾಲ್ಲೂಕಿನ ತಾಯಿ): ನಮಸ್ಕಾರ ಮೇಡಂ. ನನ್ನ ಮಗನಿಗೆ ಐದು ವರ್ಷ ತುಂಬಿದೆ. ಹುಟ್ಟಿನಿಂದಲೇ ಎರಡೂ ಕಿವಿ ಕೇಳುವುದಿಲ್ಲ, ಮೆಷಿನ್ ಹಾಕಿದ್ದೇವೆ. ಕುಳಿತದ್ದು ಹತ್ತು ತಿಂಗಳಿಗೆ, ನಡೆದದ್ದು ಇಪ್ಪತ್ತೆರಡು ತಿಂಗಳಿಗೆ. ಈಗಲೂ ಕಾಲು ಅಗಲಿಸಿಕೊಂಡು ನಡೆಯುತ್ತಾನೆ. ಗದ್ದೆಯ ಬದುವಿನ ಮೇಲೆ ಕೈ ಹಿಡಿಯದೆ ಬರಲಾರ. ರಾತ್ರಿ ಕರೆಂಟ್ ಹೋದರೆ ನಿಂತಲ್ಲೇ ಕುಳಿತುಬಿಡುತ್ತಾನೆ. ಕಾಲಿಗೆ ಶಕ್ತಿಯಿಲ್ಲವೆಂದು ಅತ್ತೆ ದಿನವೂ ಎಣ್ಣೆ ತಿಕ್ಕುತ್ತಾರೆ. ಮೂಳೆ ಡಾಕ್ಟರಿಗೆ ತೋರಿಸಬೇಕೆ?

ಉತ್ತರ (ಮಕ್ಕಳ ಫಿಸಿಯೋಥೆರಪಿಸ್ಟ್, ಮೈಸೂರು): ಮೊದಲು ಕಿವಿಯನ್ನೇ ನೋಡೋಣ ತಾಯಿ. ಒಳಕಿವಿಯಲ್ಲಿ ಶಬ್ದ ಹಿಡಿಯುವ ಶಂಖದಂಥ ಸುರುಳಿಗೆ ಅಂಟಿಕೊಂಡೇ ಮೂರು ಬಾಗಿದ ನಾಳಗಳೂ ಎರಡು ಪುಟ್ಟ ಚೀಲಗಳೂ ಇವೆ. ತಲೆ ಎತ್ತ ತಿರುಗಿತು, ಮೈ ಎತ್ತ ವಾಲಿತು ಎಂದು ಮೆದುಳಿಗೆ ತಿಳಿಸುವುದು ಅವುಗಳ ಕೆಲಸ. ಶಬ್ದದ ಸುದ್ದಿಯನ್ನೂ ಸಮತೋಲನದ ಸುದ್ದಿಯನ್ನೂ ಮೆದುಳಿಗೆ ಒಯ್ಯುವುದು ಎಂಟನೆಯ ನರ ಒಂದೇ. ಆದ್ದರಿಂದ ಹುಟ್ಟು ಕಿವುಡಿರುವ ಅನೇಕ ಮಕ್ಕಳಲ್ಲಿ ಸಮತೋಲನವೂ ಕುಂದಿರುತ್ತದೆ. ಕೇಳಿಸುವುದಿಲ್ಲವೆಂಬುದು ಎಲ್ಲರಿಗೂ ಕಾಣುತ್ತದೆ, ಇದು ಕಾಣುವುದಿಲ್ಲ. ತಡವಾಗಿ ನಡೆದ ಮಗುವನ್ನು ಸೋಮಾರಿ, ಪುಕ್ಕಲ ಎಂದು ಕರೆಯುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾವು ನೆಟ್ಟಗೆ ನಿಲ್ಲುವುದು ಮೂರು ಆಸರೆಗಳಿಂದ: ಕಣ್ಣು, ಪಾದ ಮತ್ತು ಕೀಲುಗಳ ಅರಿವು, ಒಳಕಿವಿ. ನಿಮ್ಮ ಮಗನಿಗೆ ಮೂರನೆಯದು ಬಲವಾಗಿಲ್ಲದಿದ್ದರೆ ಅವನು ಕಣ್ಣನ್ನೇ ನೆಚ್ಚಿಕೊಂಡಿರುತ್ತಾನೆ. ದೀಪ ಆರಿದರೆ ಅದೂ ಹೋಯಿತು. ಅವನು ಕುಳಿತುಬಿಡುವುದು ಹೆದರಿಕೆಯಿಂದಲ್ಲ, ಬೀಳದಿರಲು ಅವನೇ ಕಂಡುಕೊಂಡ ದಾರಿ ಅದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಪಕ್ಕದಲ್ಲಿ ನೀವು ನಿಂತು, ಅವನನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿ. ಐದು ತುಂಬಿದ ಮಗು ಸುಮಾರು 10 ಸೆಕೆಂಡ್ ನಿಲ್ಲಬೇಕು. ಎರಡು ಮೂರು ಸೆಕೆಂಡಿಗೇ ಕಾಲು ಊರಿದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆತನ್ನಿ, 1965ರಿಂದ ಇರುವ ಸಂಸ್ಥೆ ಅದು. ಕುತ್ತಿಗೆಗೆ ಅಂಟುಪಟ್ಟಿ ಹಚ್ಚಿ, ಕಿವಿಗೆ ಶಬ್ದ ಕೊಟ್ಟು ಸ್ನಾಯುವಿನ ಸ್ಪಂದನ ಅಳೆಯುವ ಪರೀಕ್ಷೆಯೊಂದಿದೆ. ನೋವಿರುವುದಿಲ್ಲ.

ಎಣ್ಣೆ ತಿಕ್ಕುವುದರಿಂದ ಹಾನಿಯಿಲ್ಲ, ಅತ್ತೆಯವರು ತಿಕ್ಕಲಿ. ಆದರೆ ಅವನಿಗೆ ಬೇಕಿರುವುದು ಆಟ. ಅಂಗಳದಲ್ಲಿ ರಂಗೋಲಿಯ ಗೆರೆ ಎಳೆದು ಅದರ ಮೇಲೆ ನಡೆಸಿ. ಹಾಸಿಗೆಯ ಮೇಲೆ ನಿಲ್ಲಿಸಿ ಚೆಂಡು ಹಿಡಿಸಿ. ಕುಂಟೆಬಿಲ್ಲೆಯಂತೂ ನಾನು ಬರೆದುಕೊಡುವ ಯಾವ ವ್ಯಾಯಾಮಕ್ಕೂ ಕಡಿಮೆಯಲ್ಲ. ಒಳಕಿವಿಯ ದೋಷ ಹೋಗದಿರಬಹುದು, ಆದರೆ ಉಳಿದ ಎರಡು ಆಸರೆಗಳಿಂದ ಸರಿದೂಗಿಸಲು ಮೆದುಳು ಕಲಿಯುತ್ತದೆ. ಎತ್ತಿಕೊಂಡೇ ಓಡಾಡಿದರೆ ಕಲಿಯಲು ಅವಕಾಶವೇ ಸಿಗುವುದಿಲ್ಲ.

ಒಂದು ಮಾತು ಕೇಳಬೇಕು, ತಪ್ಪು ತಿಳಿಯಬೇಡಿ: ನಿಮ್ಮದು ಸಂಬಂಧದಲ್ಲಿ ಆದ ಮದುವೆಯೇ?

ತಾಯಿ: ಹೌದು ಮೇಡಂ, ಸೋದರಮಾವನನ್ನೇ ಮದುವೆಯಾಗಿದ್ದೇನೆ. ಅದರಿಂದಲೇ ಹೀಗಾಯಿತೆ?

ಉತ್ತರ: ಯಾರ ಮೇಲೂ ತಪ್ಪು ಹೊರಿಸಲು ಕೇಳಲಿಲ್ಲ ತಾಯಿ. ಅಶರ್ ಸಿಂಡ್ರೋಮ್ ಎಂಬ ಅನುವಂಶೀಯ ತೊಂದರೆಯಿದೆ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷದ ವಂಶವಾಹಿ ಬಂದರೆ ಮಾತ್ರ ಬರುತ್ತದೆ, ಸಂಬಂಧದ ಮದುವೆಗಳಲ್ಲಿ ಆ ಸಾಧ್ಯತೆ ಹೆಚ್ಚು. ಅದರ ಮೊದಲ ವಿಧದಲ್ಲಿ ಹುಟ್ಟು ಕಿವುಡು, ತಡವಾದ ನಡಿಗೆ, ಹತ್ತು ವರ್ಷದೊಳಗೆ ಇರುಳುಗುರುಡು ಜೊತೆಯಾಗುತ್ತವೆ. ನಿಮ್ಮ ಮಗನಿಗೆ ಅದೇ ಇದೆ ಎನ್ನುತ್ತಿಲ್ಲ. ಆದರೆ ಕತ್ತಲಲ್ಲಿ ನಿಂತುಬಿಡುವ ಮಗುವಿನ ಅಕ್ಷಿಪಟವನ್ನು ಕಣ್ಣಿನ ವೈದ್ಯರು ಒಮ್ಮೆ ನೋಡಲೇಬೇಕು. ಮುಂದೆ ದೃಷ್ಟಿ ಕುಂದುವುದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಅಳವಡಿಸುವ ಶ್ರವಣ ಸಾಧನ) ವಿಚಾರವನ್ನು ತಡಮಾಡುವಂತಿಲ್ಲ.

ಪ್ರಶ್ನೆ (ಮೈಸೂರಿನ ತಂದೆ): ನನ್ನ ಏಳು ವರ್ಷದ ಮಗಳಿಗೆ ಬಲಗಿವಿ ಮಾತ್ರ ಕೇಳುವುದಿಲ್ಲ. ತರಗತಿಯಲ್ಲಿ ಸದಾ ಕತ್ತು ತಿರುಗಿಸಿ ಕೂರುತ್ತಾಳೆ, ನೆಟ್ಟಗೆ ಕೂರೆಂದು ಬೈಸಿಕೊಳ್ಳುತ್ತಾಳೆ.

ಉತ್ತರ: ಕೇಳುವ ಎಡಗಿವಿಯನ್ನು ಶಿಕ್ಷಕರತ್ತ ಒಡ್ಡುತ್ತಿದ್ದಾಳೆ. ತಿದ್ದಬೇಕಾದದ್ದು ಜಾಗವನ್ನು. ಶಿಕ್ಷಕರು ಅವಳ ಎಡಕ್ಕೆ ಬರುವಂತೆ, ಮುಂದಿನ ಸಾಲಿನ ಬಲಬದಿಯಲ್ಲಿ ಕೂರಿಸಲು ಹೇಳಿ.

ತಾಯಿ: ಮೇಡಂ, ಬೇಸಿಗೆಯಲ್ಲಿ ನಾಲೆಯಲ್ಲಿ ಈಜು ಕಲಿಸುತ್ತೇನೆಂದು ಅವನ ತಂದೆ ಹೇಳುತ್ತಾರೆ.

ಉತ್ತರ: ನಾಲೆ ಬೇಡವೇ ಬೇಡ. ಕದಡಿದ ನೀರಿನಲ್ಲಿ ಕಣ್ಣು ಕಾಣದು, ಕಾಲಿಗೆ ನೆಲ ಸಿಗದು. ಒಳಕಿವಿಯೂ ಹೇಳದಿದ್ದರೆ ಮೇಲೆ ಯಾವುದು, ಕೆಳಗೆ ಯಾವುದು ಎಂದೇ ಅವನಿಗೆ ತಿಳಿಯುವುದಿಲ್ಲ. ಮೊದಲು ಪರೀಕ್ಷೆಗಳು ಮುಗಿಯಲಿ. ಬರುವಾಗ ಹಳೆಯ ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆಂದು ತೋರಿಸುವ ಪರೀಕ್ಷೆಯ ನಕ್ಷೆ) ತನ್ನಿ, ಬದುವಿನ ಮೇಲೆ ಅವನು ನಡೆಯುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡೂ ಬನ್ನಿ.