ಮಗ್ಗ ಚಾಲೂ ಆದ್ರ ರೇಡಿಯೋದಾಗ ಬರೀ ಗುಂಯ್ ಸಪ್ಪಳ, ಏನ್ ಮಾಡೂದ್ರಿ?

ಪ್ರಶ್ನೆ (ಬನಹಟ್ಟಿಯಿಂದ): ನಮಸ್ಕಾರ್ರಿ ಸರ್. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದು ಆರು ತಿಂಗಳಾತು. ಮಾಳಿಗಿ ಮ್ಯಾಲ 10 ಮೀಟರ್ ಬ್ಯಾಂಡಿಗೆ (28 ಮೆಗಾಹರ್ಟ್ಸ್) ಒಂದು, 40 ಮೀಟರಿಗೆ (7 ಮೆಗಾಹರ್ಟ್ಸ್) ಒಂದು ಡೈಪೋಲ್, ಅಂದ್ರ ತಂತಿ ಆ್ಯಂಟೆನಾ, ಕಟ್ಟೀನಿ. ಬಾಜೂಕನ ನಮ್ದ ಮಗ್ಗದ ಶೆಡ್, ಎಂಟು ಪವರ್‌ಲೂಮ್ ಅದಾವ. ಮುಂಜಾನೆ ಎಂಟಕ್ಕ ಮಗ್ಗ ಚಾಲೂ ಆದ್ರ ಸಾಕು, 7 ಮೆಗಾಹರ್ಟ್ಸ್‌ನ್ಯಾಗ ಎಸ್-ಮೀಟರ್ (ಸಿಗ್ನಲ್ ಎಷ್ಟು ಜೋರು ಅಂತ ತೋರ್ಸೂ ಮುಳ್ಳು) 9ಕ್ಕ ಹೋಗಿ ಕುಂದರ್ತದ. ಮಗ್ಗ ನಿಂತ ಮ್ಯಾಲ 4, 5. ಅಪ್ಪಾಗ ‘ಒಂದ್ ತಾಸು ಬಂದ್ ಮಾಡ್ರಿ’ ಅಂದ್ರ ‘ಹೊಟ್ಟಿಗೆ ರೇಡಿಯೋ ತಿಂತೀ ಏನಲೇ’ ಅಂತಾನ. ಸೆಟ್ಟಿನ ಪವರ್ ವೈರಿಗೆ ಕ್ಲಿಪ್ ಫೆರೈಟ್ (ಸಪ್ಪಳ ತಡ್ಯೂ ಕರೀ ಗುಂಡು) ಹಾಕಿದೆ, ಕೂದಲೆಳಿಯಷ್ಟೂ ಫರಕ್ ಆಗಲಿಲ್ಲ. ಹೊಸಾ ಅರ್ಥಿಂಗ್ ಹೊಡಸಬೇಕೇನ್ರಿ?

ಉತ್ತರ: ಅರ್ಥಿಂಗ್ ತಂಟೆಗೆ ಸದ್ಯ ಹೋಗಬೇಡ್ರಿ. ಉಪ್ಪು, ಇದ್ದಲಿ ತುಂಬಿದ ಗುಂಡಿ ಬೇಕು, ಆದ್ರೆ ಅದು ಸಿಡಿಲಿಗೆ ಮತ್ತು ಶಾಕ್ ಹೊಡೀಬಾರದು ಅನ್ನೋದಕ್ಕೆ. ಸಪ್ಪಳಕ್ಕೆ ಅದು ಔಷಧಿ ಅಲ್ಲ. 28 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಹತ್ತೂವರೆ ಮೀಟರಿನಷ್ಟು. ಮಾಳಿಗೆಯಿಂದ ನೆಲಕ್ಕೆ ಇಳಿಸಿದ ಐದು ಮೀಟರ್ ತಂತಿ ಅಂದ್ರೆ ಅರ್ಧ ತರಂಗ, ಅಂದ್ರೆ ಅದೂ ಒಂದು ಆ್ಯಂಟೆನಾ ಆಯ್ತು. ಮನೆಯ ಗಲೀಜನ್ನೆಲ್ಲ ಹೀರಿ ತಂದು ನಿಮ್ಮ ಸೆಟ್ಟಿಗೇ ಕೊಡುತ್ತೆ.

ಇನ್ನು ಮಗ್ಗದ ಮಾತು. ನನಗೆ ಮಗ್ಗದ ಮೇಲೆ ಅನುಮಾನ ಕಡಿಮೆ. ಅದರದ್ದು ಇಂಡಕ್ಷನ್ ಮೋಟರ್, ಅದರಲ್ಲಿ ಕಾರ್ಬನ್ ಬ್ರಷ್ ಇರಲ್ಲ, ಕಿಡಿ ಹಾರಲ್ಲ. ಮಿಕ್ಸರ್‌ದು ಬ್ರಷ್ ಇರೋ ಮೋಟರ್, ಅದಕ್ಕೇ ಚಟ್ನಿ ರುಬ್ಬುವಾಗ ರೇಡಿಯೋ ಕಿರುಚುತ್ತೆ. ಮಗ್ಗದ ಸ್ಟಾರ್ಟರ್ ಒತ್ತಿದಾಗ ಒಂದು ‘ಟಕ್’ ಕೇಳಬೇಕು, ಅಷ್ಟೇ. ಹಾಗಾದ್ರೆ ಎಂಟಕ್ಕೆ ಮಗ್ಗದ ಜೊತೆ ಇನ್ನೇನೇನು ಚಾಲೂ ಆಗುತ್ತೆ? ಅದನ್ನ ಯೋಚನೆ ಮಾಡ್ರಿ.

ಹುಡುಕೋದು ಹೀಗೆ. ಸೆಟ್ಟನ್ನ 12 ವೋಲ್ಟ್ ಬ್ಯಾಟರಿ ಮೇಲೆ ನಡೆಸ್ರಿ, ಗೋಡೆಯ ಪಿನ್ ಕಿತ್ತಿಡ್ರಿ. ಆಮೇಲೆ ಮೇನ್ ಸ್ವಿಚ್ ಕೆಳಗೆ ಎಳೀರಿ. ಇಲ್ಲೇ ಎಲ್ಲರೂ ಮೋಸ ಹೋಗೋದು: ಮೇನ್ ತೆಗೆದ ಕೂಡಲೇ ಇನ್ವರ್ಟರ್ ಎದ್ದು ಕೂರುತ್ತೆ, ಅದರ ಚೌಕಾಕಾರದ ಅಲೆ ಮೊದಲಿಗಿಂತ ಹೆಚ್ಚು ಗದ್ದಲ ಮಾಡುತ್ತೆ. ‘ಮೇನ್ ತೆಗೆದ್ರೂ ಸಪ್ಪಳ ಹೋಗಲಿಲ್ಲ, ಹೊರಗಿನದೇ ಇರಬೇಕು’ ಅಂತ ಕೈ ಚೆಲ್ಲಿದವರನ್ನ ಬೆಳಗಾವಿಯಲ್ಲಿ ನಾನೇ ಎಷ್ಟೋ ಜನ ನೋಡಿದ್ದೀನಿ. ಇನ್ವರ್ಟರನ್ನೂ ಅದರ ಸ್ವಿಚ್ಚಿನಿಂದಲೇ ಬಂದ್ ಮಾಡ್ರಿ. ಈಗ ಮೀಟರ್ ಇಳೀತಾ? ಇಳಿದ್ರೆ ಕಳ್ಳ ಒಳಗೇ ಇದ್ದಾನೆ. ಎಂಸಿಬಿ ಎಲ್ಲಾ ಇಳಿಸಿ, ಮೇನ್ ಮತ್ತೆ ಹಾಕಿ, ಒಂದೊಂದೇ ಮೇಲೆತ್ತುತ್ತಾ ಬರ್ರಿ, ಎಲ್ಲಿ ಮುಳ್ಳು ಜಿಗಿಯುತ್ತೋ ಆ ಲೈನು.

ಆಮೇಲೆ ಹಳೇ ಟ್ರಾನ್ಸಿಸ್ಟರ್ ಒಂದನ್ನ ತಗೊಳ್ರಿ. ಮೀಡಿಯಂ ವೇವ್‌ನಲ್ಲಿ ಧಾರವಾಡದ 765 ಕಿಲೋಹರ್ಟ್ಸ್ ಬಿಟ್ಟು, ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ತಿರುಗಿಸಿ ಆ ಲೈನಿನ ಉದ್ದಕ್ಕೂ ನಡೀರಿ. ಒಳಗಿನ ಫೆರೈಟ್ ಕಡ್ಡಿಯ ತುದಿ ಸಪ್ಪಳದ ಮೂಲಕ್ಕೆ ನೇರ ಆದಾಗ ದನಿ ಕುಗ್ಗುತ್ತೆ. ಜೋರು ನೋಡಿ ಹುಡುಕಬೇಡ್ರಿ, ಕುಗ್ಗೋದು ನೋಡಿ ದಿಕ್ಕು ಹಿಡೀರಿ.

ಪ್ರಶ್ನೆ ಕೇಳಿದವರು: ಸರ್, ನಿನ್ನಿ ಐತವಾರ ಮಗ್ಗ ಬಂದ್ ಇದ್ದುವು, ನೋಡಿದೆ. ನೀವು ಹೇಳಿದ್ದ ಖರೆ! ಮಗ್ಗ ಒಂದೂ ಚಾಲೂ ಮಾಡದ ಬರೇ ಶೆಡ್ಡಿನ ಎಲ್‌ಇಡಿ ಟ್ಯೂಬ್ ಹಚ್ಚಿದೆ, ಮುಳ್ಳು ಸೀದಾ 9ಕ್ಕ ಹೋತು. ಹನ್ನೆರಡು ಟ್ಯೂಬ್ ಅದಾವ. ಒಂದೊಂದ ಬಿಚ್ಚಗೋತ ಹೋದೆ. ಹೋದ ದೀಪಾವಳಿಗೆ ಸಂತ್ಯಾಗ ಅಗ್ಗಾ ಅಂತ ತಂದ ನಾಕು ಟ್ಯೂಬ್ ಅದಾವಲ್ರಿ, ಅವುಗಳ ಬಾಜೂ ಟ್ರಾನ್ಸಿಸ್ಟರ್ ಹಿಡದ್ರ ಜೀರುಂಡಿಗತೆ ಚೀರ್ತದ. ಉಳಿದ ಎಂಟು ಸುಮ್ನ ಅದಾವ. ನಾಕೂ ತಗದ್ರ ಮೀಟರ್ 6ಕ್ಕ ಬಂತು. ಅಪ್ಪನ ಮಗ್ಗಕ್ಕ ಆರು ತಿಂಗಳು ಸುಳ್ಳ ಬೈದೆ.

ಉತ್ತರ: ಒಳ್ಳೆ ಕೆಲಸ. ಅಗ್ಗದ ಟ್ಯೂಬಿನ ಡ್ರೈವರಿನಲ್ಲಿ (ಒಳಗಿನ ಕರೆಂಟ್ ಸರ್ಕೀಟು) ಮೊದಲು ಕೈಬಿಡೋದೇ ಫಿಲ್ಟರಿನ ಎರಡು ಕೆಪಾಸಿಟರ್, ಒಂದು ಕಾಯಿಲ್. ಬೆಳಕಿಗೆ ಏನೂ ಕಮ್ಮಿ ಆಗಲ್ಲ, ಅದಕ್ಕೇ ಅಂಗಡಿಯವನಿಗೂ ಗೊತ್ತಾಗಲ್ಲ. ಟ್ಯೂಬ್ ಒಂದೇ ಅಷ್ಟು ದೂರ ಕೂಗಲ್ಲ, ಶೆಡ್ಡಿನ ಉದ್ದಕ್ಕೂ ಎಳೆದ ವೈರಿಂಗೇ ಅದಕ್ಕೆ ಆ್ಯಂಟೆನಾ. ನಾಲ್ಕನ್ನೂ ಬದಲಿಸಿಬಿಡ್ರಿ.

ಇನ್ನು ಉಳಿದ 6. ಡೈಪೋಲ್ ಎಲ್ಲಿ ಕಟ್ಟಿದ್ದೀರಿ? ಶೆಡ್ಡಿನ ತಗಡಿನ ಮೇಲೆ ಒಂದೆರಡು ಮೊಳ ಎತ್ತರದಲ್ಲಿ ವೈರಿಂಗಿಗೆ ಸಮಾನಾಂತರ ಹೋಗಿದ್ರೆ, ಆ ವೈರಿನ ಬಾಯಿಗೇ ಕಿವಿ ಇಟ್ಟಂತೆ. 40 ಮೀಟರಿಂದು ಇಪ್ಪತ್ತು ಮೀಟರ್ ಉದ್ದ, ಎಲ್ಲಾ ಕಡೆ ಹಿಡಿಸಲ್ಲ, ಗೊತ್ತು. ಆದ್ರೂ ಹಿತ್ತಲಲ್ಲಿ ಬೇವಿನ ಮರ ಇದ್ರೆ ಒಂದು ತುದಿ ಅಲ್ಲಿಗೆ ಒಯ್ದು, ಶೆಡ್ಡಿಗೆ ಅಡ್ಡಲಾಗಿ ಎಳೀರಿ.

ಫೆರೈಟ್ ಯಾಕೆ ಕೆಲಸ ಮಾಡಲಿಲ್ಲ ಅಂದ್ರೆ, ವೈರನ್ನ ಕ್ಲಿಪ್ಪಿನೊಳಗೆ ಒಂದೇ ಸಲ ತೂರಿಸಿದ್ದೀರಿ. ಸುತ್ತು ಎರಡು ಪಟ್ಟಾದ್ರೆ ತಡೆ ಸುಮಾರು ನಾಲ್ಕು ಪಟ್ಟು ಆಗುತ್ತೆ, ಲೆಕ್ಕ ವರ್ಗದ್ದು. ಜೊತೆಗೆ ಕ್ಲಿಪ್ಪುಗಳಲ್ಲಿ ಹೆಚ್ಚಿನವು ವಿಎಚ್‌ಎಫ್‌ಗೆ (30 ಮೆಗಾಹರ್ಟ್ಸ್ ಮೇಲಿನದಕ್ಕೆ) ಮಾಡಿದ ಪುಡಿ, 7ರಲ್ಲಿ ಅವು ಬರೀ ಆಭರಣ. ‘ಮಿಕ್ಸ್ 31’ ಅನ್ನೋ ಫೆರೈಟಿನ ದೊಡ್ಡ ಬಳೆ, 2.4 ಇಂಚಿನದು, ತರಿಸ್ರಿ. ಅದರ ಮೇಲೆ ತೆಳ್ಳನೆ ಕೋಆಕ್ಸನ್ನ (ಸೆಟ್ಟಿನಿಂದ ಆ್ಯಂಟೆನಾಕ್ಕೆ ಹೋಗೋ ಕೇಬಲ್) 7 ಮೆಗಾಹರ್ಟ್ಸಿಗೆ ಹತ್ತು-ಹನ್ನೆರಡು ಸುತ್ತು, 28ಕ್ಕೆ ಆರೇಳು ಸುತ್ತು ಸುತ್ತಿ ಡೈಪೋಲಿನ ನಡುವೆ, ಕೋಆಕ್ಸ್ ಕೂಡೋ ಜಾಗದಲ್ಲೇ ಕಟ್ರಿ. ಸೆಟ್ಟಿನ ಹತ್ತಿರ ಅಲ್ಲ. ಕೋಆಕ್ಸಿನ ಹೊರಮೈ ಮನೆಯಿಂದ ಹೊತ್ತು ತರೋ ಗದ್ದಲ ಆ್ಯಂಟೆನಾ ಮುಟ್ಟೋ ಮೊದಲು ಅಲ್ಲೇ ನಿಲ್ಲಬೇಕು.

ಇನ್ನೊಬ್ಬರು (ಇಂಡಿ ತಾಲೂಕು): ನಮ್ದು ಲಿಂಬಿ ತೋಟದಾಗಿನ ಮನಿ, ಸರ್. ಲೈಟಿನ ಕಂಬ ಅರ್ಧಾ ಕಿಲೋಮೀಟರ್ ದೂರ. ಆದ್ರೂ ಹತ್ತು ಗಂಟೆಯಿಂದ ನಾಕರ ತನಕ ಕೊರ್ ಅಂತದ. ಮೋಡ ಬಂದ್ರ ಸುಮ್ನಾಗ್ತದ. ಬೋರಿಗೆ ಸೋಲಾರ್ ಪಂಪ್ ಅದ.

ಉತ್ತರ: ಉತ್ತರ ನೀವೇ ಹೇಳಿಬಿಟ್ರಿ: ಮೋಡ ಬಂದ್ರೆ ಸುಮ್ಮನಾಗುತ್ತೆ. ಪಂಪಿನ ಡ್ರೈವ್ ಪೆಟ್ಟಿಗೆ ಪ್ಯಾನಲ್ಲಿನ ಡಿಸಿಯನ್ನ ಕತ್ತರಿಸಿ ಕತ್ತರಿಸಿ ಮೂರು ಫೇಸ್ ಮಾಡುತ್ತೆ. ಆ ಕತ್ತರಿಯ ಸದ್ದು ಒಂದು ಕಡೆ ಪ್ಯಾನಲ್ ತಂತಿಗೂ ಇನ್ನೊಂದು ಕಡೆ ಬೋರಿನ ಕೇಬಲ್ಲಿಗೂ ಹೋಗುತ್ತೆ. ಪ್ಲಸ್ ಒಂದು ದಾರಿ, ಮೈನಸ್ ಒಂದು ದಾರಿ ಹಿಡಿದಿದ್ರೆ ಅದು ದೊಡ್ಡ ಲೂಪ್ ಆ್ಯಂಟೆನಾ. ಎರಡನ್ನೂ ಜೊತೆಗೂಡಿಸಿ ಹೆಣೀರಿ, ಪೆಟ್ಟಿಗೆಯ ಎರಡೂ ಬಾಯಿಗೆ ದಪ್ಪ ಫೆರೈಟ್ ಹಾಕ್ರಿ. ಪ್ಯಾನಲ್ ಮೇಲೆ ಬಿಸಿಲು ಬಿದ್ದಷ್ಟು ಹೊತ್ತೂ ಆ ತಂತಿಯಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತೆ, ಪಂಪ್ ಹಾಕಿದವರನ್ನೇ ಕರೆದು ಮಾಡಿಸ್ರಿ.

ವಿಜಯಪುರ ಕಡೆಯವರು ಇನ್ನೊಂದು ಗಮನಿಸ್ರಿ. ಬೇಸಿಗೆಯಲ್ಲಿ ಚರ್ರ್ ಅಂತಿದ್ದದ್ದು ಮೊದಲ ಮಳೆ ಬಿದ್ದ ತಕ್ಷಣ ನಿಂತರೆ, ಅದು ಕಂಬದ ಮೇಲೆ ಸಡಿಲಾದ ಕ್ಲಾಂಪು ಅಥವಾ ತಂತಿಕಟ್ಟು. ಒಣಗಾಳಿಯಲ್ಲಿ ಸಂದಿಯಲ್ಲಿ ಕಿಡಿ ಹಾರುತ್ತೆ, ನೆಂದಾಗ ಸಂದಿ ಮುಚ್ಚುತ್ತೆ. ಅದರ ಗುಂಯ್ 100 ಹರ್ಟ್ಸ್, ಅಂದ್ರೆ ಕರೆಂಟಿನ 50ರ ಎರಡು ಪಟ್ಟು. ಕಂಬ ಬಡಿದು ನೋಡೋ ಸಾಹಸ ಬೇಡ. ಕಂಬದ ನಂಬರ್ ಬರೆದು ಲೈನ್‌ಮನ್ ಕೈಗೆ ಕೊಡ್ರಿ.

ಮತ್ತೊಬ್ಬರು (ನಿಪ್ಪಾಣಿ): ಸರ್, ನನ್ನ ಮಾವ ಪರದೇಶದಿಂದ ಸಿಬಿ ರೇಡಿಯೋ (ಸಾಮಾನ್ಯ ಮಂದಿ ತಮ್ಮೊಳಗ ಮಾತಾಡೂ ಸೆಟ್) ತಂದಾನ, 40 ಚಾನೆಲ್. ಲೈಸೆನ್ಸ್ ಬೇಕಾಗಿಲ್ಲ ಅಂತಾನ. ಮಾಳಿಗಿ ಮ್ಯಾಲ ಆ್ಯಂಟೆನಾ ಹಾಕ್ಲೇನು?

ಉತ್ತರ: ಮಾವನ ಮಾತು ಅರ್ಧ ನಿಜ. ನಮ್ಮಲ್ಲಿ 2005ರ ನಿಯಮದಂತೆ ಲೈಸೆನ್ಸ್ ಬೇಡ ಅನ್ನೋದು 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವಾಟ್‌ವರೆಗೆ, ಅದೂ ಸೆಟ್ಟಿನಲ್ಲೇ ಕೂಡಿಕೊಂಡ ಆ್ಯಂಟೆನಾ ಇರೋದಕ್ಕೆ. ಮಾಳಿಗೆಯ ಆ್ಯಂಟೆನಾ ಆ ವಿನಾಯಿತಿಯಲ್ಲಿ ಬರಲ್ಲ. ಅಮೆರಿಕದ 40 ಚಾನೆಲ್ 27.405ರವರೆಗೆ ಹೋಗುತ್ತೆ, 28ನೇ ಚಾನೆಲ್ 27.285, ಅಂದ್ರೆ ಅಲ್ಲಿಂದ ಮೇಲಿನದೆಲ್ಲ ನಮ್ಮ ಗಡಿಯ ಆಚೆ. ಆಸಕ್ತಿ ಇದ್ರೆ ಹ್ಯಾಮ್ ಪರೀಕ್ಷೆ ಬರೀರಿ, 28 ಮೆಗಾಹರ್ಟ್ಸ್ ಪಕ್ಕದ ಓಣಿಯಷ್ಟೇ ದೂರ.

ಪ್ರಶ್ನೆ ಕೇಳಿದವರು: ಸರ್, ಟ್ಯೂಬ್ ಬದಲಿಸಿದೆ, ಬಳಿ ಸುತ್ತಿ ಕಟ್ಟಿದೆ, ತಂತಿ ಬೇವಿನ ಗಿಡಕ್ಕ ಎಳದೆ. ಮಗ್ಗ ಎಂಟೂ ನಡದಾವ, ಮೀಟರ್ 4! ಈಗ ಹೊಸಾ ತಕರಾರು. ನಾ 28ರಾಗ ಮಾತಾಡಿದ್ರ ಬಾಜೂಮನಿ ಕಾಕೂನ ಟಿವ್ಯಾಗ ಸೀರಿಯಲ್ ನಿಂತ ನಿಂತ ಬರ್ತದಂತ. ಕೇಬಲ್ ಟಿವಿ ಅದ.

ಉತ್ತರ: 9ರಿಂದ 4 ಅಂದ್ರೆ ಐದು ಮೆಟ್ಟಿಲು, ಒಂದೊಂದು 6 ಡೆಸಿಬೆಲ್. ಒಟ್ಟು 30 ಡೆಸಿಬೆಲ್, ಗದ್ದಲದ ಶಕ್ತಿ ಸಾವಿರದಲ್ಲಿ ಒಂದು ಪಾಲಾಯ್ತು. ಅಪ್ಪಾಜಿಗೆ ಪೇಢೆ ಕೊಡಿಸ್ರಿ.

ಕಾಕೂ ಟಿವಿಗೆ: ಆ್ಯಂಟೆನಾ ಬಿಚ್ಚಿ 50 ಓಮ್ ಡಮ್ಮಿ ಲೋಡ್ (ಪವರನ್ನ ಗಾಳಿಗೆ ಬಿಡದೆ ಶಾಖ ಮಾಡಿ ನುಂಗೋ ರೆಸಿಸ್ಟರ್) ಹಾಕಿ, ಅಷ್ಟೇ ಪವರಿನಲ್ಲಿ ಮಾತಾಡ್ರಿ. ಆಗಲೂ ಸೀರಿಯಲ್ ನಿಂತರೆ ನಿಮ್ಮ ಸೆಟ್ಟಿನಿಂದ ಅಥವಾ ಮೇನ್ಸ್ ವೈರಿನಿಂದ ಸೋರ್ತಿದೆ. ನಿಲ್ಲದಿದ್ರೆ ಅದು ಆ್ಯಂಟೆನಾದಿಂದ ಹೋಗಿದ್ದು, ಅದರಲ್ಲಿ ಎರಡು ಬಗೆ. ಒಂದು, ಹಾರ್ಮೋನಿಕ್, ಅಂದ್ರೆ 28ರ ಎರಡು, ಮೂರು, ನಾಲ್ಕು ಪಟ್ಟು: 56, 84, 112 ಮೆಗಾಹರ್ಟ್ಸ್. ಅದಕ್ಕೆ ಸೆಟ್ಟು ಮತ್ತು ಆ್ಯಂಟೆನಾ ನಡುವೆ 30ರ ಮೇಲಿನದನ್ನ ತಡೆಯೋ ಲೋ-ಪಾಸ್ ಫಿಲ್ಟರ್. ಇನ್ನೊಂದು, ನಿಮ್ಮ ಸಿಗ್ನಲ್ ಸ್ವಚ್ಛ ಇದ್ರೂ ಅದರ ಜೋರಿಗೆ ಟಿವಿ ಪೆಟ್ಟಿಗೆ ಬೆದರೋದು. ಅಲ್ಲಿ ನಿಮ್ಮ ಕಡೆಯ ಫಿಲ್ಟರ್ ಏನೂ ಮಾಡಲ್ಲ, ಕಾಕೂನ ಕೇಬಲ್ಲಿಗೆ ಬಳೆ ಹಾಕಬೇಕು. ಹಾಕೋ ಮೊದಲು ಅವರ ಕೇಬಲ್ಲಿನ ಜೋಡಣೆಗಳನ್ನ ಕಣ್ಣಿಟ್ಟು ನೋಡ್ರಿ. ಎಲ್ಲೋ ಕೈಯಲ್ಲಿ ತಿರುವಿ ಟೇಪ್ ಸುತ್ತಿದ್ದು ಸಿಗುತ್ತೆ, ಅಲ್ಲಿಂದಲೇ ನೀವು ಒಳಗೆ ಹೋಗ್ತಿರ್ತೀರಿ. ಅಲ್ಲೀತನಕ ಪವರ್ 10 ವಾಟಿಗೆ ಇಳಿಸ್ರಿ, ಸೀರಿಯಲ್ ಹೊತ್ತಿನಲ್ಲಿ ಬರೀ ಕೇಳ್ರಿ.

ಪ್ರಶ್ನೆ ಕೇಳಿದವರು: ಟೇಪ್ ಸುತ್ತಿದ್ದ ಸಿಕ್ಕತ್ರಿ, ಕಾಕೂನ ಕಿಡಕಿ ಹಿಂದ. ಕನೆಕ್ಟರ್ ಹಾಕಿಸಿದೆ. ನಿನ್ನಿ ಸೀರಿಯಲ್ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ.