ಯೂಸ್‌ಲೊಕೇಲ್‌ನಿಂದ ಹಿಂದೆ ಬಂದರೂ ಥ್ರೆಡ್ ಜರ್ಮನ್‌ನಲ್ಲೇ ಕೂತಿದೆ, ಲಿಬ್‌ಸಿಯಲ್ಲಿ ತಪ್ಪೆಲ್ಲಿ?

ಸುರತ್ಕಲ್_ಸಿ:
ಸುರತ್ಕಲ್‌ನಲ್ಲಿ ನಾವು ಮೂವರು ರಿಸ್ಕ್-ಫೈವ್ ಪ್ರೊಸೆಸರ್‌ನ ಬೋರ್ಡಿಗೆಂದು ಬರೆಯುತ್ತಿರುವ ಸಣ್ಣ ಲಿಬ್‌ಸಿಗೆ (ಸಿ ಭಾಷೆಯ ಮೂಲ ಲೈಬ್ರರಿ) ಲೊಕೇಲ್ (ಭಾಷೆ-ಪ್ರದೇಶಕ್ಕೆ ತಕ್ಕ ಸಂಖ್ಯೆ, ಅಕ್ಷರಗಳ ರೂಢಿ) ಸೇರಿಸ್ತಾ ಇದ್ದೇವೆ. ಇಡೀ ಪ್ರೋಗ್ರಾಂನ ಲೊಕೇಲ್ ಹಾಕುವ ಸೆಟ್‌ಲೊಕೇಲ್ ಬದಲಿಸುವುದು ಒಂದು ಗ್ಲೋಬಲ್ ಸ್ಟ್ರಕ್ಟ್. ಪ್ರತಿ ಥ್ರೆಡ್‌ಗೂ ಟಿಎಲ್‌ಎಸ್‌ನಲ್ಲಿ (ಥ್ರೆಡ್‌ನ ಸ್ವಂತ ಮೆಮೊರಿ) ಒಂದು ಪಾಯಿಂಟರ್. ಅದು ನಲ್ (ಸೊನ್ನೆ) ಇದ್ದರೆ ಗ್ಲೋಬಲ್ ಎಂದು ಲೆಕ್ಕ. ಯೂಸ್‌ಲೊಕೇಲ್ ಹೊಸ ಪಾಯಿಂಟರ್ ಇಟ್ಟು, ಹಳೆಯದನ್ನು ರಿಟರ್ನ್ ಮಾಡುತ್ತದೆ.

ತೊಂದರೆ ಮೂರು ಉಂಟು:
1. ಹಳೆಯದನ್ನು ಎತ್ತಿಟ್ಟುಕೊಂಡು ಡಿಇ_ಡಿಇ.ಯುಟಿಎಫ್-8ಗೆ (ಜರ್ಮನ್) ಹೋಗಿ, ಸಂಖ್ಯೆ ಪ್ರಿಂಟ್ ಮಾಡಿ, ಹಳೆಯದಕ್ಕೆ ಮರಳಿದ ಮೇಲೂ ಪಠ್ಯವನ್ನು ಸಂಖ್ಯೆಯಾಗಿಸುವ ಸ್ಟ್ರ್‌ಟಾಡ್‌ಗೆ "3.14" ಕೊಟ್ಟರೆ 3 ಬರುತ್ತದೆ.
2. ಕೆಎನ್_ಐಎನ್.ಯುಟಿಎಫ್-8 (ಕನ್ನಡ) ಹಾಕಿದ ಥ್ರೆಡ್‌ನಲ್ಲಿ "ಮಂಗಳೂರು" ಎಂಬ 21 ಬೈಟನ್ನು ಬೈಟ್‌ಗಳನ್ನು ಅಕ್ಷರಸಂಕೇತಗಳಾಗಿಸುವ ಎಂಬಿಎಸ್‌ಟುಡಬ್ಲ್ಯೂಸಿಎಸ್ ಸರಿಯಾಗಿ 7 ಸಂಕೇತ ಎಂದೇ ಎಣಿಸುತ್ತದೆ. ಆದರೆ ಒಂದು ಅಕ್ಷರಕ್ಕೆ ಗರಿಷ್ಠ ಎಷ್ಟು ಬೈಟ್ ಎಂದು ಹೇಳುವ ಎಂಬಿ_ಕರ್_ಮ್ಯಾಕ್ಸ್ 1ರಲ್ಲೇ ನಿಂತಿದೆ.
3. ಒಂದು ಥ್ರೆಡ್ ಪ್ರಿಂಟ್‌ಎಫ್‌ನಲ್ಲಿರುವಾಗ ಇನ್ನೊಂದು ಸೆಟ್‌ಲೊಕೇಲ್ ಕರೆದರೆ ಅಪರೂಪಕ್ಕೆ ಕ್ರ್ಯಾಶ್. ಬೋರ್ಡಿನಲ್ಲಿ ಮಾತ್ರ, ಲ್ಯಾಪ್‌ಟಾಪಿನಲ್ಲಿ ಇಲ್ಲ.

ಕಾರ್ಕಳ_ಕರ್ನಲ್:
ಮೊದಲನೆಯದು ನಿಮ್ಮ ನಲ್‌ನದ್ದೇ ಕಿತಾಪತಿ. ಒಳಗೆ ನಲ್ ಎಂದರೆ ಗ್ಲೋಬಲ್ ಎಂದಿಟ್ಟದ್ದು ಒಳ್ಳೆಯದೇ: ಟಿಎಲ್‌ಎಸ್ ಸೊನ್ನೆಯಿಂದ ಶುರುವಾಗುವುದರಿಂದ ಹೊಸ ಥ್ರೆಡ್ ತಾನಾಗಿಯೇ ಗ್ಲೋಬಲ್‌ನಲ್ಲಿ ಹುಟ್ಟುತ್ತದೆ, ಪೊಸಿಕ್ಸ್ ಮಾನದಂಡ ಕೇಳುವುದೂ ಅದನ್ನೇ. ಆದರೆ ಆ ನಲ್ ಹೊರಗೆ ಹೋಗಬಾರದು ಮಾರಾಯ್ರೆ. ಯೂಸ್‌ಲೊಕೇಲ್‌ಗೆ ಸೊನ್ನೆ ಕೊಟ್ಟರೆ "ಈಗ ಯಾವುದಿದೆ ಹೇಳು, ಏನೂ ಬದಲಿಸಬೇಡ" ಎಂದರ್ಥ. ನೀವು ಹಳೆಯದೆಂದು ಕೊಟ್ಟದ್ದು ನಲ್; ಬಳಕೆದಾರ ಅದನ್ನೇ ವಾಪಸ್ ಕೊಟ್ಟ; ಲೈಬ್ರರಿ ಪ್ರಶ್ನೆ ಎಂದುಕೊಂಡು ಸುಮ್ಮನಾಯಿತು. ದಶಾಂಶಕ್ಕೆ ಅಲ್ಪವಿರಾಮ ಹಾಗೇ ಉಳಿದು, ಸ್ಟ್ರ್‌ಟಾಡ್ ಚುಕ್ಕಿಯ ಹತ್ತಿರ ನಿಂತಿತು.

ರಿಟರ್ನ್ ಮಾಡುವಾಗ ನಲ್ ಇದ್ದರೆ ಗ್ಲೋಬಲ್ ಎಂದು ಸೂಚಿಸುವ ಎಲ್‌ಸಿ_ಗ್ಲೋಬಲ್_ಲೊಕೇಲ್ ಕೊಡಿ, ಒಳಗೆ ಬರುವಾಗ ಅದು ಕಂಡರೆ ನಲ್ ಬರೆಯಿರಿ. ಅದರ ಬೆಲೆ ಸಾಮಾನ್ಯವಾಗಿ -1 ಅನ್ನು ಲೊಕೇಲ್_ಟಿಗೆ ಕಾಸ್ಟ್ ಮಾಡಿದ್ದು. ಅಂದರೆ ಅದು ನಿಜವಾದ ವಿಳಾಸ ಅಲ್ಲ, ಎಲ್ಲಿಯೂ ಡೀರೆಫರೆನ್ಸ್ ಮಾಡಬೇಡಿ.

ಎರಡನೆಯದಕ್ಕೆ ಹೆಡರ್ ನೋಡಿ. ಎಂಬಿ_ಕರ್_ಮ್ಯಾಕ್ಸ್ ಒಂದು ಗ್ಲೋಬಲ್ ವೇರಿಯೇಬಲ್‌ಗೆ ಬಿಚ್ಚಿಕೊಳ್ಳುತ್ತಿರಬೇಕು. ಅದು ಫಂಕ್ಷನ್ ಕರೆಯಾಗಿ ಬಿಚ್ಚಿಕೊಳ್ಳಬೇಕು, ಆ ಫಂಕ್ಷನ್ ಥ್ರೆಡ್‌ನ ಲೊಕೇಲ್ ನೋಡಬೇಕು. ಬೇರೆ ಲಿಬ್‌ಸಿಗಳಲ್ಲಿ, ಯುಟಿಎಫ್-8ಗೆ ಮಸಲ್ 4 ಕೊಡುತ್ತದೆ, ಜಿಲಿಬ್‌ಸಿ 6. ನಿಮಗೆ 4 ಸಾಕು. ಹಳೆಯ ಹೆಡರ್‌ನಲ್ಲಿ ಕಂಪೈಲ್ ಆದ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಕಂಪೈಲ್ ಮಾಡಲೇಬೇಕು.

ಮಲ್ಪೆ_ಮ್ಯೂಟೆಕ್ಸ್:
ಮೂರನೆಯದು. ಪೊಸಿಕ್ಸ್ ಪ್ರಕಾರ ಸೆಟ್‌ಲೊಕೇಲ್ ಥ್ರೆಡ್-ಸೇಫ್ ಆಗಿರಬೇಕೆಂದಿಲ್ಲ, ಹಾಗಾಗಿ ತಪ್ಪು ಪ್ರೋಗ್ರಾಂನದ್ದು ಎಂದು ಕೈತೊಳೆದುಕೊಳ್ಳಬಹುದು. ಆದರೂ ಕ್ರ್ಯಾಶ್ ತಡೆಯುವುದು ಕಷ್ಟವಲ್ಲ. ಹಳೆಯ ಲೊಕೇಲ್ ಡೇಟಾವನ್ನು ಸೆಟ್‌ಲೊಕೇಲ್ ಒಳಗೇ ಫ್ರೀ ಮಾಡುತ್ತಿದ್ದೀರಾ? ಬಿಟ್ಟುಬಿಡಿ. ಲೋಡ್ ಆದ ಫೈಲನ್ನು ಹೆಸರಿನ ಮೇಲೆ ಒಂದು ಪಟ್ಟಿಯಲ್ಲಿಟ್ಟು, ಮುಂದಿನ ಸಲ ಅದನ್ನೇ ಕೊಡಿ. ಮಸಲ್ ಮಾಡುವುದೂ ಇದನ್ನೇ. ಒಂದು ಪ್ರೋಗ್ರಾಂ ಬಳಸುವ ಲೊಕೇಲ್‌ಗಳು ಬೆರಳೆಣಿಕೆ, ಮೆಮೊರಿ ಸೋರುವ ಭಯ ಬೇಡ. ರೆಫರೆನ್ಸ್ ಕೌಂಟ್ (ಬಳಸುತ್ತಿರುವವರ ಲೆಕ್ಕ) ಹಾಕಿದರೆ ಪ್ರತಿ ಪ್ರಿಂಟ್‌ಎಫ್‌ಗೂ ಎರಡು ಅಟಾಮಿಕ್ ಕಾರ್ಯಾಚರಣೆಯ ಖರ್ಚು, ನಾನಂತೂ ಹಾಕುವುದಿಲ್ಲ.

ಬೋರ್ಡಿನಲ್ಲಿ ಮಾತ್ರ ಬೀಳುವುದು ಮೆಮೊರಿ ಆರ್ಡರಿಂಗ್‌ನ ಲಕ್ಷಣ. ಲ್ಯಾಪ್‌ಟಾಪಿನ ಎಕ್ಸ್86ರಲ್ಲಿ ಬರಹಗಳು ಬರೆದ ಕ್ರಮದಲ್ಲೇ ಕಾಣುತ್ತವೆ; ರಿಸ್ಕ್-ಫೈವ್‌ನಲ್ಲಿ ಪಾಯಿಂಟರ್ ಮೊದಲು ಕಂಡು, ಅದು ತೋರಿಸುವ ಡೇಟಾ ಆಮೇಲೆ ಕಾಣಬಹುದು. ಆ ಕ್ರಮ ಉಳಿಸಲು ಪಾಯಿಂಟರ್ ಬರೆಯುವಾಗ ರಿಲೀಸ್, ಓದುವಾಗ ಅಕ್ವೈರ್ ಹಾಕಿ. ಪ್ರಿಂಟ್‌ಎಫ್‌ನ ಆರಂಭದಲ್ಲಿ ಒಂದೇ ಸಲ ಓದಿ ಲೋಕಲ್ ವೇರಿಯೇಬಲ್‌ಗೆ ಹಾಕಿಕೊಳ್ಳಿ, ಇಲ್ಲವಾದರೆ ಒಂದೇ ಸಾಲಿನಲ್ಲಿ ಅರ್ಧ ಚುಕ್ಕಿ, ಅರ್ಧ ಅಲ್ಪವಿರಾಮ. ಎಲ್‌ಸಿ_ಆಲ್ ಬಂದಾಗ ಸಂಖ್ಯೆ, ಅಕ್ಷರ ಮುಂತಾದ ಎಲ್ಲ ಕೆಟಗರಿ ಸಿಕ್ಕಿದ ಮೇಲಷ್ಟೇ ಬದಲಿಸಿ. ಒಂದು ಸಿಗದಿದ್ದರೂ ಏನನ್ನೂ ಮುಟ್ಟದೆ ನಲ್ ರಿಟರ್ನ್.

ಯಾವ ಬೈಟ್ ಅಕ್ಷರ, ಯಾವುದು ಅಂಕಿ ಎಂದು ಹೇಳುವ ಸಿಟೈಪ್ ಟೇಬಲ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಸಿ ಮತ್ತು ಯುಟಿಎಫ್-8 ಬಿಟ್ಟು ಬೇರೆ ಎನ್‌ಕೋಡಿಂಗ್ ಇಲ್ಲವಾದರೆ 128 ಮತ್ತು ಅದರ ಮೇಲಿನ ಒಂಟಿ ಬೈಟ್ ಯಾವುದೂ ಅಕ್ಷರ ಅಲ್ಲ. ಅಕ್ಷರವೇ ಎಂದು ನೋಡುವ ಇಸ್‌ಆಲ್ಫಾ ಎಲ್ಲ ಲೊಕೇಲ್‌ಗೂ ಒಂದೇ.

ಸುರತ್ಕಲ್_ಸಿ:
1 ಮತ್ತು 2 ಸರಿಯಾದವು. ಫ್ರೀ ತೆಗೆದು ರಿಲೀಸ್/ಅಕ್ವೈರ್ ಹಾಕಿ ಬೋರ್ಡಿನಲ್ಲಿ ಓಡಿಸಿದ್ದೇವೆ, ಇಲ್ಲಿಯವರೆಗೆ ಬಿದ್ದಿಲ್ಲ. ಈಗಿನ ಲೊಕೇಲ್‌ನಲ್ಲಿ ಎಲ್‌ಸಿ_ನ್ಯೂಮರಿಕ್ (ಸಂಖ್ಯೆಯ ಕೆಟಗರಿ) ಮಾತ್ರ ಸಿ ಲೊಕೇಲ್‌ನದ್ದು ಮಾಡಬೇಕಾದರೆ ಯೂಸ್‌ಲೊಕೇಲ್(0) ಕೊಟ್ಟದ್ದನ್ನು ಹೊಸ ಲೊಕೇಲ್ ಕಟ್ಟುವ ನ್ಯೂಲೊಕೇಲ್‌ಗೆ ನೇರ ಬೇಸ್ ಆಗಿ ಕೊಡಬಹುದಾ?

ಕಾರ್ಕಳ_ಕರ್ನಲ್:
ಬೇಡ. ಅದು ಎಲ್‌ಸಿ_ಗ್ಲೋಬಲ್_ಲೊಕೇಲ್ ಆಗಿದ್ದರೆ ನ್ಯೂಲೊಕೇಲ್‌ನ ವರ್ತನೆಗೆ ಗ್ಯಾರಂಟಿ ಇಲ್ಲ. ಬೇರೆಯದಾಗಿದ್ದರೆ ಥ್ರೆಡ್ ಕೂತಿರುವ ಲೊಕೇಲೇ ಬದಲಾಗಬಹುದು ಅಥವಾ ಫ್ರೀ ಆಗಬಹುದು. ಮೊದಲು ಡ್ಯೂಪ್‌ಲೊಕೇಲ್ ಮಾಡಿ, ಅದು ಗ್ಲೋಬಲನ್ನೂ ನಕಲು ಮಾಡುತ್ತದೆ. ಆ ನಕಲನ್ನು ಬೇಸ್ ಆಗಿ ಕೊಡಿ. ನ್ಯೂಲೊಕೇಲ್ ಸೋತರೆ ಬೇಸ್ ಹಾಗೇ ಉಳಿದಿರುತ್ತದೆ, ಅದನ್ನು ಫ್ರೀಲೊಕೇಲ್ ಮಾಡುವುದು ನಿಮ್ಮ ಕೆಲಸ. ಗೆದ್ದರೆ ಹಳೆಯ ಹ್ಯಾಂಡಲ್ ಮುಟ್ಟಬೇಡಿ.