ರೊಟೊಟಾಮ್‌ಗೆ ಯಾವ ಹೆಡ್, ಹೇಗೆ ಶ್ರುತಿ: ರಿಪೇರಿ ಅಣ್ಣನಿಗೆ ಕೇಳಿ

ರಿಪೇರಿ ಅಣ್ಣ (ಪರೇಲ್): ಎಲ್ಲರಿಗೂ ನಮಸ್ಕಾರ. ಗಣೇಶ ಹಬ್ಬ ಹತ್ತಿರ ಬಂತು. ಮುಂಬೈಯ ನಮ್ಮ ಕನ್ನಡದ ಹುಡುಗರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದಾರೆ. ಇವತ್ತು ಸಂಜೆ ಈ ಗ್ರೂಪಿನಲ್ಲೇ ಕೇಳಿ, ಎಲ್ಲರಿಗೂ ಉಪಯೋಗ ಆಗುತ್ತದೆ. ರೊಟೊ (ತಿರುಗಿಸಿ ಸ್ವರ ಏರಿಸಿ ಇಳಿಸುವ ರೊಟೊಟಾಮ್ ಡ್ರಮ್), ಬೇರೆ ಡ್ರಮ್, ಹೆಡ್ (ಡ್ರಮ್ ಮೇಲೆ ಬಾರಿಸುವ ಹಾಳೆ) ವಿಷಯ ಮಾತ್ರ.

ಡೊಂಬಿವಲಿ: ಅಣ್ಣ, ನಮ್ಮದು ಬ್ಯಾಂಜೊ ಪಾರ್ಟಿ, ಮೆರವಣಿಗೆಯಲ್ಲಿ ಬಾರಿಸುವ ತಂಡ. 6, 8, 10 ಇಂಚಿನ ರೊಟೊ ಇದೆ. ಯಾವ ಹೆಡ್ ಹಾಕಿಸಲಿ?

ರಿಪೇರಿ ಅಣ್ಣ: ಬೀದಿಯಲ್ಲಿ ಗಂಟೆಗಟ್ಟಲೆ ಬಾರಿಸುತ್ತೀರಿ, ಹಾಗಾಗಿ 8 ಮತ್ತು 10ಕ್ಕೆ ಎರಡು ಪದರದ ಕ್ಲಿಯರ್ (ಪಾರದರ್ಶಕ) ಹಾಕಿ. ರೆಮೊ ಕಂಪನಿಯದರಲ್ಲಿ ಎಂಪರರ್, ಎವಾನ್ಸ್‌ನಲ್ಲಿ ಜಿ2. ಒಂದೊಂದು ಪದರ 7 ಮಿಲ್ ದಪ್ಪ. ಮಿಲ್ ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು. 6ಕ್ಕೆ ಮಾತ್ರ ಒಂದೇ ಪದರದ 10 ಮಿಲ್ ಸಾಕು, ಅಂಬಾಸಡರ್ ಅಥವಾ ಜಿ1. ಅಷ್ಟು ಚಿಕ್ಕದಕ್ಕೆ ದಪ್ಪ ಹೆಡ್ ಹಾಕಿದರೆ ಉಸಿರು ಕಟ್ಟಿದ ಹಾಗೆ ಕೇಳುತ್ತದೆ. ಸ್ಟುಡಿಯೊ ಕೆಲಸ ಇದ್ದರೆ ಮೂರಕ್ಕೂ ಒಂದು ಪದರದ ಕೋಟೆಡ್ (ಮೇಲೆ ಲೇಪ ಇರುವುದು).

ಥಾಣೆ: ಪಿನ್‌ಸ್ಟ್ರೈಪ್ ಹೇಗೆ ಸರ್?

ರಿಪೇರಿ ಅಣ್ಣ: ಅದರಲ್ಲಿ ಎರಡು ಪದರವನ್ನು ಅಂಚಿನ ಹತ್ತಿರ ಅಂಟಿಸಿರುತ್ತಾರೆ. ಗುಂಯ್ ಅನ್ನುವುದು ಬೇಗ ನಿಲ್ಲುತ್ತದೆ. ನಿಮಗೆ ಗುಂಯ್ ಬೇಕಿದ್ದರೆ ಅದು ಬೇಡ.

ಕಲ್ಯಾಣ: ನಮ್ಮ ಇನ್ನೊಂದು ಗ್ರೂಪಿನಲ್ಲಿ ಬಂದಿದ್ದು: 'ಹೊಸ ಹೆಡ್‌ಗೆ ಹೇರ್ ಡ್ರೈಯರ್‌ನಿಂದ ಬಿಸಿ ಕೊಡಿ. ಅಂಚಿಗೆ ಕೊಬ್ಬರಿ ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ತಬಲಾದಂಥ ನಾದ ಬರುತ್ತದೆ. ಎಲ್ಲರಿಗೂ ಕಳಿಸಿ.'

ರಿಪೇರಿ ಅಣ್ಣ: ದಯವಿಟ್ಟು ಯಾರೂ ಮಾಡಬೇಡಿ. ಹೆಡ್ ಅಂದರೆ ಪಾಲಿಯೆಸ್ಟರ್ ಹಾಳೆ, ಚರ್ಮ ಅಲ್ಲ. ಬಿಸಿ ತಾಗಿದ ಕಡೆ ಆಕಾರ ಕೆಡುತ್ತದೆ, ಆಮೇಲೆ ತಿರುಪು ಬಿಗಿಸುವ ಯಾವ ಕೀ ಹಾಕಿದರೂ ಶ್ರುತಿ ಕೂರುವುದಿಲ್ಲ. ಎಣ್ಣೆಗೆ ಧೂಳು ಮೆತ್ತಿಕೊಂಡು ಅಂಚಿನಲ್ಲಿ ಗಸಿ ಕಟ್ಟುತ್ತದೆ. ಹೋದ ವರ್ಷ ಇಂಥ ಹೆಡ್‌ಗಳನ್ನು ನಾನೇ ಕಿತ್ತು ಬಿಸಾಕಿದ್ದೇನೆ.

ಕಲ್ಯಾಣ: ನಮ್ಮ ಮಾವ ಮೂವತ್ತು ವರ್ಷದಿಂದ ಎಣ್ಣೆ ಹಚ್ಚುತ್ತಾರೆ, ಏನೂ ಆಗಿಲ್ಲ.

ರಿಪೇರಿ ಅಣ್ಣ: ಅವರು ಹಚ್ಚುವುದು ಯಾವುದಕ್ಕೆ? ಚರ್ಮದ ವಾದ್ಯಕ್ಕಾದರೆ ಆ ಮಾತು ಬೇರೆ.

ಗೋರೆಗಾಂವ್: ಅಣ್ಣ, ನನ್ನ ಮಗನಿಗೆ 9 ವರ್ಷ. ರೊಟೊದಿಂದಲೇ ಕಲಿಕೆ ಶುರು ಮಾಡಿಸಬಹುದಾ?

ಭಾಂಡುಪ್: ಅಣ್ಣ, ಸೆಕೆಂಡ್‌ಹ್ಯಾಂಡ್ ಸೆಟ್ ತಗೊಂಡೆ. 10 ಇಂಚಿನದ್ದು ಒಂದೇ ಏಟಿಗೆ ಎರಡು ಸ್ವರ ಕೊಡುತ್ತದೆ, ಟೊಂಯ್‌ಯ್ ಅಂತ ಅಲೆಯುತ್ತದೆ. ಹೊಸ ಹೆಡ್ ಹಾಕಿದೆ, ಅದೇ ಕಥೆ. ಬಿಗಿ ಮಾಡಿದರೆ ಸರಿಹೋದೀತು ಅಂತ ಕೊನೇ ತನಕ ತಿರುಗಿಸಿದೆ. ಈಗ ತಿರುಗಿಸುವಾಗ ಕಟ್ ಕಟ್ ಅನ್ನುತ್ತದೆ. ಹದಿನೈದು ದಿನದಲ್ಲಿ ಗಣಪತಿ ಆಗಮನದ ಮೆರವಣಿಗೆ ಇದೆ.

ರಿಪೇರಿ ಅಣ್ಣ: ತಮ್ಮಾ, ಮೊದಲು ಅದನ್ನು ಸಡಿಲ ಮಾಡು. ಸಾಕಷ್ಟು ಸುತ್ತು ಹಿಂದಕ್ಕೆ ತಿರುಗಿಸಿ ಬಂದು ಆಮೇಲೆ ಓದು.

ರೊಟೊದಲ್ಲಿ ಎರಡು ಬಗೆಯ ಬಿಗಿ ಇದೆ. ಸುತ್ತಲಿನ ತಿರುಪುಗಳನ್ನು ಕೀಯಿಂದ ಬಿಗಿಸುವುದು ಒಂದು. ಇಡೀ ಡ್ರಮ್ಮನ್ನು ನಡುವಿನ ರಾಡ್ ಮೇಲೆ ತಿರುಗಿಸುವುದು ಇನ್ನೊಂದು. ಕೀ ಇರುವುದು ಹೆಡ್ ಎಲ್ಲ ಕಡೆ ಸಮ ಆಗಲಿ ಅಂತ. ತಿರುಗಿಸುವುದು ಸ್ವರ ಏರಿಸಿ ಇಳಿಸಲಿಕ್ಕೆ. ಸಮ ಇಲ್ಲದ ಹೆಡ್ಡನ್ನು ಎಷ್ಟು ತಿರುಗಿಸಿದರೂ ಎರಡು ಸ್ವರ ಹಾಗೇ ಉಳಿಯುತ್ತದೆ, ಬರೀ ಮೇಲಕ್ಕೆ ಹೋಗುತ್ತದೆ. ನಿನಗೆ ಆಗಿದ್ದು ಅದೇ.

ಈಗ ಹೆಡ್ ಬಿಚ್ಚು. ಹೂಪನ್ನು (ಹೆಡ್ಡನ್ನು ಒತ್ತಿ ಹಿಡಿಯುವ ಬಳೆಯನ್ನು) ಅಡುಗೆ ಕಟ್ಟೆಯ ಕಡಪಾ ಕಲ್ಲಿನ ಮೇಲೆ ಬೋರಲಾಗಿ ಇಡು. ಎದುರುಬದುರು ಬೆರಳಿಟ್ಟು ಒತ್ತಿ ನೋಡು, ಟಕ್ ಟಕ್ ಅಂತ ಅಲ್ಲಾಡುತ್ತದಾ? ಅಡಿಯಲ್ಲಿ ವಿಸಿಟಿಂಗ್ ಕಾರ್ಡ್ ತೂರಿಸು. ಒಂದು ಕಡೆ ಸಲೀಸಾಗಿ ಹೋಗಿ ಇನ್ನೊಂದು ಕಡೆ ಹೋಗದಿದ್ದರೆ ಹೂಪ್ ಸೊಟ್ಟ ಆಗಿದೆ. ಹೆಡ್ ಕೂರುವ ರಿಂಗಿನ ಅಂಚಿಗೂ ಉಗುರು ಆಡಿಸಿ ನೋಡು. ಹಳೇ ಕೊಳೆ, ಕಚ್ಚು ಕೈಗೆ ಸಿಗುತ್ತದೆ.

ಎಲ್ಲ ಸರಿ ಇದ್ದರೆ ಡ್ರಮ್ಮನ್ನು ಕೆಳಗಿನ ಸ್ವರದ ಕಡೆ ಇಟ್ಟುಕೊಂಡು ಹೆಡ್ ಹಾಕು. ತಿರುಪುಗಳನ್ನು ಮೊದಲು ಬೆರಳಲ್ಲೇ ತಿರುಗಿಸು, ತಾಗುವ ತನಕ. ಆಮೇಲೆ ಕೀ. ಒಂದಕ್ಕೆ ಅರ್ಧ ಸುತ್ತು, ಅದರ ಎದುರಿನದಕ್ಕೆ ಅರ್ಧ ಸುತ್ತು. ನಡುವಿಗೆ ಒಂದು ಬೆರಳು ಮೆಲ್ಲಗೆ ಇಟ್ಟುಕೊಂಡು, ಪ್ರತಿ ತಿರುಪಿನ ಹತ್ತಿರ ಅಂಚಿನಿಂದ ಒಂದಿಂಚು ಒಳಗೆ ಕಡ್ಡಿಯಿಂದ ತಟ್ಟು. ಯಾವ ತಿರುಪಿನ ಹತ್ತಿರ ಸ್ವರ ತಗ್ಗಿದೆ ಅಂತ ಕಿವಿಗೆ ಗೊತ್ತಾಗುತ್ತದೆ. ಅದನ್ನಷ್ಟೇ ಏರಿಸು. ಎಲ್ಲ ಒಂದೇ ಆದ ಮೇಲೆ ಡ್ರಮ್ ತಿರುಗಿಸು.

ಆದರೆ ನನಗೆ ಭಯ ಆಗಿರುವುದು ಆ ಕಟ್ ಕಟ್‌ಗೆ. ರಾಡಿನ ಮರೆ (ತಿರುಪಿನ ಸುರುಳಿ ಗೆರೆ) ಒಣಗಿದ್ದರೆ, ತುಕ್ಕು ಹಿಡಿದಿದ್ದರೆ ಹಾಗೆ ಕೇಳಬಹುದು. ಈ ಕಡಲ ಗಾಳಿಗೆ ಅದು ಮಾಮೂಲಿ. ಬಟ್ಟೆಯಿಂದ ಒರೆಸಿ ಸ್ವಲ್ಪ ಗ್ರೀಸ್ ಹಚ್ಚಿದರೆ ಹೋಗುತ್ತದೆ. ಇನ್ನೊಂದು ಸಾಧ್ಯತೆ, ಫ್ರೇಮ್ ಬಿರುಕು ಬಿಟ್ಟಿರುವುದು. ತಿರುಪು ತೂರುವ ಕಿವಿಗಳ ಬುಡಕ್ಕೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡು. ಕೂದಲೆಳೆ ಥರ ಗೆರೆ ಕಂಡರೆ ಫೋಟೊ ಹಾಕು. ಅಲ್ಲಿತನಕ ಬಾರಿಸಬೇಡ.

ಚೆಂಬೂರ್: ಇಷ್ಟೆಲ್ಲ ಕಷ್ಟ ಯಾಕೆ ಮಾರಾಯ್ರೆ? ಎಲೆಕ್ಟ್ರಾನಿಕ್ ಪ್ಯಾಡ್ ಇದೆಯಲ್ಲ. ಆಕ್ಟೊಪ್ಯಾಡ್‌ನಲ್ಲಿ ರೊಟೊ ಟೋನ್ ಇದೆ ಅಲ್ವಾ. ಬಟನ್ ಒತ್ತಿದರೆ ಆಯ್ತು.

ಡೊಂಬಿವಲಿ: ಟೋನ್ ಇದೆ, ರೊಟೊ ಇಲ್ಲ. ಕಡ್ಡಿ ಅಂಚಿಗೆ ಬಿದ್ದರೆ ಒಂದು ನಾದ, ನಡುವಿಗೆ ಬಿದ್ದರೆ ಇನ್ನೊಂದು. ಪ್ಯಾಡ್‌ನಲ್ಲಿ ಅದೆಲ್ಲಿ?

ಚೆಂಬೂರ್: ರೋಡಲ್ಲಿ ಕುಣಿಯುವವರಿಗೆ ಅದೆಲ್ಲ ಕೇಳಿಸುತ್ತದಾ?

ಡೊಂಬಿವಲಿ: ನನಗೆ ಕೇಳಿಸುತ್ತದೆ. ಬಾರಿಸುವವನು ನಾನು.

ಥಾಣೆ: ಸರ್, 10 ಇಂಚಿಗೆ ಯಾವ ಹೆಡ್ ಒಳ್ಳೇದು?

ರಿಪೇರಿ ಅಣ್ಣ: ಮೇಲೆ ಬರೆದಿದ್ದೇನೆ.

ಸಾಂತಾಕ್ರೂಜ್: ನಮ್ಮ ರೊಟೊ ಹತ್ತಿರ ನಿಂತರೆ ಚೆನ್ನಾಗಿದೆ, ದೂರಕ್ಕೆ ಬರೀ ಟಕ್ ಟಕ್. ತೂಕವೇ ಇಲ್ಲ. ಹೆಡ್ ತಪ್ಪಾ ಅಣ್ಣ?

ರಿಪೇರಿ ಅಣ್ಣ: ಹೆಡ್ ತಪ್ಪಲ್ಲ. ರೊಟೊಗೆ ಶೆಲ್ (ಡ್ರಮ್ಮಿನ ಟೊಳ್ಳು ಮೈ) ಇಲ್ಲ. ಹೆಡ್ ಮೇಲೆ ತಳ್ಳುವ ಗಾಳಿ, ಕೆಳಗೆ ತಳ್ಳುವ ಗಾಳಿ ಎರಡೂ ಅಂಚಿನಲ್ಲೇ ಸೇರಿ ತಗ್ಗಿನ ಸ್ವರವನ್ನು ತಿಂದುಹಾಕುತ್ತವೆ. ಪೆಟ್ಟಿಗೆ ಇಲ್ಲದ ಸ್ಪೀಕರ್ ಹಾಗೆ. ಮೈಕನ್ನು ಹೆಡ್‌ನಿಂದ ಎರಡು ಮೂರು ಇಂಚು ಹತ್ತಿರ ಇಡಿ, ಆ ತೂಕ ಸಿಗುತ್ತದೆ. ಕೆಳಗಿಂದಲೂ ಇಡಬಹುದು. ಮೇಲೆ ಕೆಳಗೆ ಎರಡೂ ಇಟ್ಟರೆ ಒಂದರ ಫೇಸ್ (ಸದ್ದಿನ ಅಲೆಯ ಏರಿಳಿತ) ತಿರುಗಿಸಲೇಬೇಕು.

ಚೆಂಬೂರ್: ನೋಡಿ, ಮೈಕ್ ಇಲ್ಲದೆ ರೊಟೊ ಇಲ್ಲ. ಸುಮ್ನೆ ಹಳೇ ಸಾಮಾನು ಹೊತ್ತು ತಿರುಗುತ್ತೀರಿ.

ಡೊಂಬಿವಲಿ: ನಿಮ್ಮ ಪ್ಯಾಡ್ ಸ್ಪೀಕರ್ ಇಲ್ಲದೆ ನುಡಿಯುತ್ತದಾ? ಮಳೆ ಬಂದಾಗ ಪ್ಲಾಸ್ಟಿಕ್ ಹೊದಿಸಿಕೊಂಡು ಟೆಂಪೊ ಕೆಳಗೆ ಕೂತಿದ್ದವರು ಯಾರು ಅಂತ ನಮಗೂ ಗೊತ್ತು.

ಚೆಂಬೂರ್: ಮರ್ಯಾದೆಯಿಂದ ಮಾತಾಡಿ.

ಕಲ್ಯಾಣ: ಇನ್ನೊಂದು ಬಂದಿದೆ: 'ಫ್ರೇಮ್ ಬಿರುಕು ಬಿಟ್ಟರೆ ಎಂ-ಸೀಲ್ ತುಂಬಿ, ಮೇಲೆ ನೇಲ್ ಪಾಲಿಶ್...'

ರಿಪೇರಿ ಅಣ್ಣ: ಅಳಿಸಿ ಅದನ್ನು. ಈಗಲೇ. ಆ ಕಿವಿ ಹೊರುವುದು ಇಡೀ ಹೆಡ್ಡಿನ ಎಳೆತ. ಎಂ-ಸೀಲ್ ಅದನ್ನು ತಡೆಯುವುದಿಲ್ಲ. ಬಾರಿಸುವಾಗ ತುಂಡಾದರೆ ತಿರುಪು ಹಾರಿ ಯಾರ ಕಣ್ಣಿಗೆ ಬೀಳುತ್ತದೋ! ಚೆಂಬೂರ್, ಡೊಂಬಿವಲಿ, ನಿಮ್ಮ ಜಗಳ ಬೇರೆ ಕಡೆ. ರೊಟೊ ಹಳೇ ಸಾಮಾನು ಅನ್ನುವವರಿಗೆ ಒಂದು ಮಾತು. ಅದನ್ನು ರೂಪಿಸಿದ ಮೂವರಲ್ಲಿ ಮೈಕೆಲ್ ಕೋಲ್‌ಗ್ರಾಸ್ ಸಂಗೀತ ಸಂಯೋಜಕರು. ತಿರುಗಿಸಿ ನಿಮಗೆ ಬೇಕಾದ ಸ್ವರಕ್ಕೆ ನಿಲ್ಲಿಸಬಹುದು. ಹಾಡಿನ ಶ್ರುತಿಗೆ ಕೂರಿಸಿ ಒಂದು ಸಲ ಬಾರಿಸಿ, ಆಮೇಲೆ ಮಾತಾಡೋಣ.

ಗೋರೆಗಾಂವ್: ಅಣ್ಣ, ಮಗನ ವಿಷಯ ಕೇಳಿದ್ದೆ.

ವಸಾಯಿ: ಹೈಡ್ರಾಲಿಕ್ ಹೆಡ್ ನಡುವೆ ಎಣ್ಣೆ ಇರುತ್ತದಂತೆ, ಹೌದಾ? ಹಾಗಾದರೆ ಎಣ್ಣೆ ಹಚ್ಚಿದರೆ ತಪ್ಪೇನು?

ರಿಪೇರಿ ಅಣ್ಣ: ಎರಡು ಪದರದ ನಡುವೆ ಕಂಪನಿಯವರೇ ತುಂಬಿ ಮುಚ್ಚಿರುತ್ತಾರೆ. ನೀವು ಹೊರಗೆ ಹಚ್ಚುವುದು ಬೇರೆ.

ಥಾಣೆ: 10 ಇಂಚಿಗೆ ಜಿ2 ಅಂದ್ರಲ್ಲ, ಕೋಟೆಡ್ ಹಾಕಬಹುದಾ?

ರಿಪೇರಿ ಅಣ್ಣ: ಹಾಕಿ.

ಭಾಂಡುಪ್: ಅಣ್ಣ, ಫೋಟೊ ಹಾಕಿದ್ದೇನೆ. ಹೂಪ್ ಅಡಿ ಒಂದು ಕಡೆ ಕಾರ್ಡ್ ಪೂರ್ತಿ ಹೋಯ್ತು. ಒಂದು ಕಿವಿ ಬುಡದಲ್ಲಿ ಗೆರೆ ಇದೆ. ಉಗುರು ಸಿಕ್ಕಿಕೊಳ್ಳುತ್ತದೆ.

ರಿಪೇರಿ ಅಣ್ಣ: ಉಗುರು ಸಿಕ್ಕಿತು ಅಂದರೆ ಅದು ಗೀರು ಅಲ್ಲ, ಬಿರುಕು. ಎರಕದ ಲೋಹ ಬಗ್ಗುವುದಿಲ್ಲ, ಒಡೆಯುತ್ತದೆ. ಬೀದಿ ಬದಿಯ ವೆಲ್ಡಿಂಗ್‌ಗೆ ಕೊಡಬೇಡ, ಕಾವಿಗೆ ರಿಂಗ್ ಸೊಟ್ಟ ಆಗುತ್ತದೆ. ಫ್ರೇಮ್ ಬದಲಿಸಬೇಕು, ಹೂಪ್ ಕೂಡ. ಭಾನುವಾರ ಬೆಳಿಗ್ಗೆ ತಗೊಂಡು ಬಾ. ನನ್ನ ಹತ್ತಿರ ಹಳೇ 10 ಇಂಚಿನದ್ದು ಒಂದಿದೆ, ಕೂರುತ್ತದಾ ನೋಡೋಣ. ದುಡ್ಡಿನ ಮಾತು ಆಮೇಲೆ.

ಕಲ್ಯಾಣ: ನಾನು ಒಳ್ಳೇದಕ್ಕೇ ಹಾಕಿದ್ದು. ಎಲ್ಲರ ಮುಂದೆ ಹೀಗೆ ಬೈಯಬಾರದು.

ಚೆಂಬೂರ್: ಅದೇ ನಾನೂ ಹೇಳೋದು.

ಭಾಂಡುಪ್: 10 ಇಂಚಿನದ್ದು ಸ್ಟ್ಯಾಂಡಿನಿಂದ ಇಳಿಸಿ ಚೀಲಕ್ಕೆ ಹಾಕಿಟ್ಟೆ ಅಣ್ಣ. 6 ಮತ್ತು 8ಕ್ಕೆ ನೀವು ಹೇಳಿದ ಹಾಗೆ ಬೆರಳಿಟ್ಟು ತಟ್ಟುತ್ತಿದ್ದೇನೆ. 8ರಲ್ಲಿ ಒಂದು ತಿರುಪು ತಗ್ಗಿತ್ತು, ಏರಿಸಿದೆ. ಈಗ ಒಂದೇ ಸ್ವರ ಬರುತ್ತಿದೆ.